ಸಣ್ಣ ‘ಜಿ’ಯ ಬಾಲ

ಪೀಣ್ಯದ ಫ್ಯಾಕ್ಟರಿಯಲ್ಲಿ ಆಗ ನನ್ನದು ಇನ್ಸ್‌ಪೆಕ್ಷನ್ ಕೆಲಸ. ಲೇತಿನಿಂದ ಬಂದ ಪೀಸನ್ನು ವರ್ನಿಯರ್‌ನಲ್ಲಿ ಅಳೆಯುವುದು, ಸರಿಯಿದ್ದರೆ ಓಕೆ, ಇಲ್ಲದಿದ್ದರೆ ಕೆಂಪು ಬಣ್ಣ ಹಚ್ಚಿ ರಿಜೆಕ್ಟ್. ಲೇತಿನವರು ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಿದ್ದರೋ, ಅದನ್ನು ಇಲ್ಲಿ ಬರೆಯುವಂತಿಲ್ಲ.

ಆ ವರ್ಷ ಮಗಳನ್ನು ಎಲ್‌ಕೆಜಿಗೆ ಸೇರಿಸಿದ್ದೆವು. ಮೂರೂವರೆ ವರ್ಷದ ಮಗು. ಫ್ರಾಕಿನ ಗುಂಡಿ ಹಾಕಿಕೊಳ್ಳಲು ಬಾರದು, ಆದರೆ ಮುಂದಿನ ತಿಂಗಳು ಪರೀಕ್ಷೆ! ಸಿಲಬಸ್ಸು, ಟೈಂಟೇಬಲ್ಲು ಎಲ್ಲವನ್ನೂ ಡೈರಿಗೆ ಅಂಟಿಸಿ ಕಳಿಸಿದ್ದರು. ಜೊತೆಗೆ ನನಗೂ ಬುಲಾವ್ ಬಂತು.

“ಸಾರ್, ನಿಮ್ಮ ಮಗಳು ಬರೆಯೋ ಸಣ್ಣ ‘ಜಿ’ ಬಾಲ ಕೆಳಗಿನ ಗೆರೆ ದಾಟ್ತಾ ಇದೆ. ಹಿಂಗೇ ಆದ್ರೆ ಯುಕೆಜಿಗೆ ಕಷ್ಟ ಆಗತ್ತೆ,” ಎಂದರು ಮಿಸ್, ನಾಲ್ಕು ಗೆರೆಯ ಕಾಪಿ ಪುಸ್ತಕವನ್ನು ಎಕ್ಸ್‌ರೇ ಹಿಡಿದಂತೆ ಎತ್ತಿ ಹಿಡಿದು.

ನಗಬೇಕಿತ್ತು. ಹೆದರಿಬಿಟ್ಟೆ. ಊರಿಗೆಲ್ಲ ಅಳತೆ ಹೇಳುವವನ ಮಗಳು ಗೆರೆ ದಾಟುವುದೆಂದರೇನು, ಮರ್ಯಾದೆ ಪ್ರಶ್ನೆ! ಅಂದಿನಿಂದ ಡ್ಯೂಟಿ ಮುಗಿಸಿ ಬಂದವನೇ ಕೆಂಪು ಪೆನ್ನು ಹಿಡಿದು ಅವಳ ಮುಂದೆ ಕೂರತೊಡಗಿದೆ. ದಿನಕ್ಕೊಂದು ಪುಟ ಜಿ. ಬಾಲ ಗೆರೆ ದಾಟಿದರೆ ರಿಜೆಕ್ಟ್, ಮುಟ್ಟದಿದ್ದರೂ ರಿಜೆಕ್ಟ್. ಮೊದಲೆರಡು ದಿನ ಅವಳಿಗೆ ಆ ಪದ ಬಲು ಮಜಾ. ಅನ್ನಕ್ಕೂ ರಿಜೆಕ್ಟ್, ಸ್ನಾನಕ್ಕೂ ರಿಜೆಕ್ಟ್ ಅನ್ನುತ್ತಿದ್ದಳು. ಆಮೇಲೆ ಬೆಳಗಾದರೆ ಹೊಟ್ಟೆನೋವು ಶುರುವಾಯಿತು. ಡಾಕ್ಟರು ಹೊಟ್ಟೆ ಅದುಮಿ ನೋಡಿ, ಭಾನುವಾರವೂ ನೋಯುತ್ತದಾ ಎಂದು ಕೇಳಿದರು. ಇಲ್ಲ ಎಂದಳು ನನ್ನ ಹೆಂಡತಿ. ಅವರು ಔಷಧಿಯನ್ನೇ ಬರೆಯಲಿಲ್ಲ.

ಹೆಂಡತಿ ಮನೆ ತಲುಪುವವರೆಗೂ ಕಾಯಲಿಲ್ಲ, ಬಸ್ ಸ್ಟಾಪಿನಲ್ಲೇ ತರಾಟೆಗೆ ತೆಗೆದುಕೊಂಡಳು.

“ಏನ್ರೀ, ನಿಮ್ಮ ಫ್ಯಾಕ್ಟರೀಲಿ ಕಬ್ಬಿಣಕ್ಕೂ ಒಂಚೂರು ಹೆಚ್ಚುಕಮ್ಮಿ ಬಿಡ್ತಾರೆ ಅಂತೀರಲ್ಲ, ಏನದು?”

“ಟಾಲರೆನ್ಸು.”

“ಹಾಂ, ಅದೇ. ಮಗೂಗೆ ಎಷ್ಟು ಬಿಟ್ಟಿದೀರಾ?”

ಟಾಲರೆನ್ಸ್ ಬರೆಯದ ಡ್ರಾಯಿಂಗ್ ಬಂದರೆ, ಇದರಲ್ಲಿ ಪೀಸು ಮಾಡೋಕಾಗಲ್ಲ ಎಂದು ವಾಪಸ್ ಕಳಿಸುವ ಭೂಪ ನಾನು. ಥೂ, ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆ ಸಂಜೆ ಪೆನ್ನನ್ನು ಜೇಬಿನಿಂದ ತೆಗೆಯಲೇ ಇಲ್ಲ. ಮಗಳು ಎಂದಿನಂತೆ ಪುಟ ತುಂಬಿಸಿ ತಂದಳು. ಜಿಗಳೆಲ್ಲ ಬಾಲ ಬಿಟ್ಟುಕೊಂಡು ಎಲ್ಲೆಲ್ಲೋ ಓಡಿದ್ದವು.

“ಎಲ್ಲಾ ಓಕೆ ಕಣೇ ಪುಟ್ಟಿ. ಹೋಗು, ಆಡ್ಕೋ ಹೋಗು,” ಎಂದೆ.

ಅವಳು ಹೋಗಲಿಲ್ಲ. ಪುಟದ ಮೇಲೆ ಬಗ್ಗಿ ಒಂದೊಂದೇ ಜಿಯ ಮೇಲೆ ಬೆರಳಿಟ್ಟು ನೋಡುತ್ತಾ ಹೋದಳು. ಐದನೆಯದರ ಹತ್ತಿರ ಬೆರಳು ನಿಂತಿತು.

“ಸುಳ್ಳು. ಇದು ದಾಟಿದೆ ಅಪ್ಪಾ,” ಎಂದವಳು ನನ್ನ ಜೇಬಿಗೆ ಕೈ ಹಾಕಿ, ಪೆನ್ನು ತೆಗೆದು ನನ್ನ ಕೈಗೇ ಕೊಟ್ಟಳು. “ರಿಜೆಕ್ಟ್ ಮಾಡು.”