ಸರೋಜಳ ಹೆಸರಿನಲ್ಲಿ ತೆಗೆಸಿದ ಎಕ್ಸ್‌ರೇ

ಮೊದಲು ಬಂದದ್ದು ಕೆಮ್ಮು. ದೀಪಾವಳಿಯ ಹೊತ್ತಿಗೆ.

ಸಿರುಗುಪ್ಪದಲ್ಲಿ ಆ ದಿನಗಳಲ್ಲಿ ಯಾರಿಗೆ ಕೆಮ್ಮು ಇರುವುದಿಲ್ಲ? ಅಕ್ಕಿ ಗಿರಣಿಗಳ ಧೂಳು ಊರ ಗಾಳಿಯಲ್ಲೇ ಇರುತ್ತದೆ. ನಾನೂ ಹಾಗೆಯೇ ಅಂದುಕೊಂಡೆ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಕುಪ್ಪಸಗಳು ಸಡಿಲವಾದವು. ಎರಡು ಸಲ ಹೊಲಿಗೆ ಹಿಡಿದು ಬಿಗಿ ಮಾಡಿಕೊಂಡೆ. ಸಂಕ್ರಾಂತಿ ಮುಗಿದ ವಾರ ಬಚ್ಚಲಲ್ಲಿ ಕೆಮ್ಮಿ ಉಗುಳಿದಾಗ ನೂಲೆಳೆಯಷ್ಟು ರಕ್ತ ಕಂಡಿತು.

ನೀರು ಹಾಕಿ ತೊಳೆದುಬಿಟ್ಟೆ.

ಯಾಕೆ ಯಾರಿಗೂ ಹೇಳಲಿಲ್ಲ ಎಂದು ಈಗ ಎಲ್ಲರೂ ಕೇಳುತ್ತಾರೆ. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಮ್ಮ ಮನೆಯವರು ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾರೆ. ಒಳ್ಳೆಯವರು, ಒಂದು ದಿನವೂ ಅದರ ಬಗ್ಗೆ ಮಾತಾಡಿದವರಲ್ಲ. ಅತ್ತೆಯೂ ಬಾಯಿ ಬಿಟ್ಟು ಅಂದವರಲ್ಲ. ಆದರೂ ಆ ಮನೆಯಲ್ಲಿ ನಾನು ಕೆಲಸದಿಂದಲೇ ನನ್ನ ಜಾಗ ಉಳಿಸಿಕೊಂಡಿದ್ದೇನೆ ಎಂದು ನನಗೆ ಅನಿಸುತ್ತಿತ್ತು. ಬಂಜೆ, ಮೇಲೆ ಕ್ಷಯ. ಎರಡನ್ನೂ ಹೊತ್ತು ಆ ಹೊಸ್ತಿಲಲ್ಲಿ ಹೇಗೆ ನಿಲ್ಲಲಿ?

ಆ ದೀಪಾವಳಿಗೇ ನನ್ನ ಮೈದುನ ಶಿವಾನಂದ ಕೆನಡಾದಿಂದ ಬಂದಿದ್ದ. ಅಲ್ಲಿ ಲೇತ್ ಮಷಿನ್ ಮೇಲೆ ಕೆಲಸ. ಆರು ವಾರದ ರಜೆಯಲ್ಲಿ ಸರೋಜಳನ್ನು ಮದುವೆಯಾಗಿ, ಅವಳ ಕಾಗದಪತ್ರಕ್ಕೆ ಅರ್ಜಿ ಹಾಕುತ್ತೇನೆಂದು ಹೇಳಿ ಹೊರಟುಹೋದ. ಅವನು ಹೋದ ಮೇಲೆ ಅವಳು ಬಸುರಿ ಎಂದು ತಿಳಿಯಿತು. ತಾಯಿ ಇಲ್ಲದ ಹುಡುಗಿ, ಇಪ್ಪತ್ತೊಂದು ವರ್ಷ. ಹೆರಿಗೆ ನಮ್ಮ ಮನೆಯಲ್ಲೇ ಎಂದು ಅತ್ತೆ ನಿಶ್ಚಯ ಮಾಡಿದರು.

ಯುಗಾದಿ ದಾಟಿದ ಮೇಲೆ ದಿಲ್ಲಿಯ ಕೆನಡಾ ಕಚೇರಿಯಿಂದ ಪತ್ರ ಬಂತು. ಮೆಡಿಕಲ್ ಆಗಬೇಕು, ಎದೆಯ ಎಕ್ಸ್‌ರೇ ಬೇಕು, ವೀಸಾ ಆಮೇಲೆ. ಆಗ ಅವಳಿಗೆ ಐದು ತಿಂಗಳು. ಏಳು ತುಂಬಿದರೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. ಮಗು ಇಲ್ಲೇ ಹುಟ್ಟಿದರೆ ಅದಕ್ಕೂ ಪಾಸ್‌ಪೋರ್ಟು, ವೀಸಾ, ಎಲ್ಲ ಮೊದಲಿಂದ. ಇನ್ನೊಂದು ವರ್ಷ. ಸರೋಜ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಿಸಿ ವಾರ ಎಣಿಸುತ್ತಿದ್ದಳು.

ನಾನೂ ಎಣಿಸುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಬರೆಯದಿದ್ದರೆ ಉಳಿದದ್ದನ್ನು ಬರೆದೂ ಪ್ರಯೋಜನವಿಲ್ಲ. ಅವಳು ಬೇಗ ಹೋಗಲಿ ಎಂದು ನನಗಿತ್ತು. ಅವಳ ಮೇಲಿನ ಪ್ರೀತಿಯಿಂದಲ್ಲ. ಏಳನೆಯ ತಿಂಗಳ ಕುಬುಸಕ್ಕೆ, ಸೀಮಂತಕ್ಕೆ, ಓಣಿಯ ಹೆಂಗಸರೆಲ್ಲ ಬಂದು ಅವಳ ಉಡಿ ತುಂಬುವುದನ್ನು, ನಾನು ಒಲೆಯ ಮುಂದೆ ಕೆಲಸ ಹುಡುಕಿಕೊಂಡು ಕೂರುವುದನ್ನು, ಆಮೇಲೆ ಆ ಮನೆಯಲ್ಲಿ ಕೂಸಿನ ಅಳು ಕೇಳುವುದನ್ನು ನಾನು ತಡೆದುಕೊಳ್ಳಲಾರೆ ಅನಿಸಿತ್ತು.

ಬಳ್ಳಾರಿಗೆ ಅವಳ ಜೊತೆ ನಾನೇ ಹೋದೆ. ಡಾಕ್ಟರು ಅವಳನ್ನು ಪರೀಕ್ಷೆ ಮಾಡಿ, ಎಕ್ಸ್‌ರೇ ಚೀಟಿ ಬರೆದು, ಪೆನ್ನು ಕೆಳಗಿಟ್ಟು ಹೇಳಿದರು: “ಚೀಟಿ ಕೊಟ್ಟಿದ್ದೀನಿ. ಆದರೆ ನನ್ನ ಮಾತು ಕೇಳಿದರೆ ಈಗ ಬೇಡಮ್ಮ. ಹೊಟ್ಟೆಯಲ್ಲಿ ಕೂಸಿದೆ. ಹೆರಿಗೆಯಾದ ಮೇಲೆ ತೆಗೆಸಿ.”

ಹೊರಗೆ ಬೆಂಚಿನ ಮೇಲೆ ಕೂತು ಸರೋಜ ಅತ್ತಳು.

“ಹೆರಿಗಿ ಆದಮ್ಯಾಲೆ ಅಂದ್ರ ಇನ್ನೊಂದ್ ವರ್ಷ ಆತ್ರಿ ಅಕ್ಕಾ. ಅವರಿಗೆ ನಾ ಏನಂತ ಬರೀಲಿ?”

“ಚೀಟಿ ಇಲ್ಲಿ ಕೊಡು. ನಾ ಹೋಗಿ ನಿಂದ್ರತೀನಿ” ಅಂದೆ.

ಅವಳು ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದಳು. “ತಪ್ಪಾಗಂಗಿಲ್ಲೇನ್ರಿ?”

“ಎದಿ ಯಾರದಾದ್ರೇನು? ಅವರಿಗೆ ಒಂದು ಫೋಟೋ ಬೇಕು.”

“ನಿಮಗ ಕೆಮ್ಮು ಐತಲ್ರಿ ಅಕ್ಕಾ?”

“ಅದು ಗಿರಣಿ ಧೂಳಿಂದು” ಅಂದೆ.

ಗಾಂಧಿನಗರದ ಒಂದು ಸಣ್ಣ ಎಕ್ಸ್‌ರೇ ಕೋಣೆ. ಹೆಸರು ಕೇಳಿದರು. ಸರೋಜ ಅಂದೆ. ವಯಸ್ಸು? ಇಪ್ಪತ್ತೊಂದು ಅಂದೆ. ನನಗೆ ಆಗ ಮೂವತ್ತಮೂರು. ಕೇಳಿದವನು ತಲೆ ಎತ್ತಲಿಲ್ಲ. ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಂತೆ. ಬಸ್ಸಿನಲ್ಲಿ ಮರಳುವಾಗ ಸರೋಜ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡಿದಳು. ನಾನು ದೊಡ್ಡ ಉಪಕಾರ ಮಾಡಿದವಳ ಹಾಗೆ ಅಲುಗದೆ ಕೂತಿದ್ದೆ.

ನಾಲ್ಕನೆಯ ದಿನ ಡಾಕ್ಟರು ಸೀಲ್ ಹಾಕಿ ಕೊಡುವ ಮೆಡಿಕಲ್ ವರದಿಯ ಕವರು ತರಲೆಂದು ನಮ್ಮ ಮನೆಯವರು ಬಳ್ಳಾರಿಗೆ ಹೋದರು. ಮಧ್ಯಾಹ್ನದ ಬಸ್ಸಿಗೇ ತಿರುಗಿ ಬಂದರು. ಕೈಯಲ್ಲಿ ಕವರಿರಲಿಲ್ಲ.

“ಸರೋಜಮ್ಮಗ ಟಿಬಿ ಐತಂತ” ಎಂದರು.

ಬಲಗಡೆಯ ಶ್ವಾಸಕೋಶದ ಮೇಲ್ಭಾಗದಲ್ಲಿ ದೊಡ್ಡ ನೆರಳು. ಅನುಮಾನವೇ ಇಲ್ಲ ಎಂದಿದ್ದರಂತೆ ಡಾಕ್ಟರು. ತಡ ಮಾಡಬಾರದೆಂದು ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ ಚೀಟಿ ನಮ್ಮ ಮನೆಯವರ ಜೇಬಿನಲ್ಲಿತ್ತು.

ನಾನು ಅಕ್ಕಿ ಆರಿಸುತ್ತಿದ್ದೆ. ಮೊರ ಕೆಳಗಿಡಲಿಲ್ಲ. ಸರೋಜ ನನ್ನ ಕಡೆ ನೋಡಿದಳು. ನಾನು ಅಕ್ಕಿ ನೋಡಿದೆ.

ಅವಳನ್ನು ಹೊರಗಿನ ಕೋಣೆಗೆ ಹಾಕಿದರು. ಬೇರೆ ತಟ್ಟೆ, ಬೇರೆ ಲೋಟ, ಬೇರೆ ಚಾಪೆ. ಅತ್ತೆ ಕೆಟ್ಟವರಲ್ಲ, ಹೆದರಿದ್ದರು. ಊಟವನ್ನು ಬಾಗಿಲ ಬಳಿ ಇಟ್ಟು, “ಉಣ್ಣವ್ವಾ, ಕೂಸಿನ ಸಲುವಾಗಾದ್ರೂ ಉಣ್ಣು” ಎಂದು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಆ ತಟ್ಟೆಯನ್ನು ತೊಳೆಯುವ ಕೆಲಸ ನನ್ನದಾಗಿತ್ತು. ಅದಕ್ಕೆ ಬೂದಿ ಹಾಕಿ ಎರಡು ಸಲ ಉಜ್ಜುತ್ತಿದ್ದೆ, ನೋಡುವವರ ಸಲುವಾಗಿ. ಉಜ್ಜುತ್ತಲೇ ಕೆಮ್ಮುತ್ತಿದ್ದೆ.

ಸರೋಜ ಯಾರಿಗೂ ಒಂದು ಮಾತು ಹೇಳಲಿಲ್ಲ. ಎರಡನೆಯ ದಿನ ನಾನು ನೀರು ಇಡಲು ಹೋದಾಗ ಮಾತ್ರ ಮೆಲ್ಲಗೆ ಕೇಳಿದಳು: “ಅಕ್ಕಾ, ನೀವಽ ಹೇಳ್ತೀರೋ, ನಾ ಹೇಳ್ಲೋ?”

“ಒಂದೆರಡ್ ದಿನ ತಡಿಯವ್ವಾ” ಅಂದೆ.

ಐದು ದಿನ ತಡೆದಳು.

ಐದು ದಿನದಲ್ಲಿ ನಾನು ಏನು ಯೋಚಿಸಿದೆ? ಇನ್ನೊಂದು ಎಕ್ಸ್‌ರೇ ತೆಗೆಸಿದರೆ ಸರಿಹೋಗುತ್ತದೆ ಎಂದುಕೊಂಡೆ. ಡಾಕ್ಟರಿಗೆ ತಪ್ಪಿರಬಹುದು ಎಂದುಕೊಂಡೆ. ತವರಿಗೆ ಹೋಗಿಬಿಡುತ್ತೇನೆ, ಆಮೇಲೆ ಪತ್ರ ಬರೆಯುತ್ತೇನೆ ಎಂದುಕೊಂಡೆ. ಐದು ತಿಂಗಳ ಬಸುರಿಯೊಬ್ಬಳು ನನ್ನ ರೋಗಕ್ಕೆ ಚಾಪೆ ಹಾಸಿಕೊಂಡು ಮಲಗಿದ್ದಾಳೆ ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಯೋಚಿಸಿದೆ.

ಆರನೆಯ ದಿನ ಬೆಳಿಗ್ಗೆ ಊರ ದವಾಖಾನೆಯ ಕಾಂಪೌಂಡರು ಟಿಬಿಯ ಇಂಜೆಕ್ಷನ್, ಸ್ಟ್ರೆಪ್ಟೊಮೈಸಿನ್ ತಂದರು. ಸ್ಟೋವಿನ ಮೇಲೆ ಸಿರಿಂಜು ಕುದಿಸಿದರು. ಸರೋಜ ಮೂಲೆಗೆ ಸರಿದು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು. ಅತ್ತೆ ಅಷ್ಟು ದಿನದಲ್ಲಿ ಮೊದಲ ಸಲ ಹೊಸ್ತಿಲು ದಾಟಿ ಅವಳ ಹತ್ತಿರ ಹೋದರು.

“ಬ್ಯಾಡ್ರಿ ಅತ್ತೀ, ಬ್ಯಾಡ” ಎಂದಳು ಸರೋಜ. ಅತ್ತೆ ಅವಳ ತೋಳು ಹಿಡಿದರು. ಅವಳು ನನ್ನ ಹೆಸರು ಹೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು, ಅಷ್ಟೇ.

“ಆಕಿಗೆ ಚುಚ್ಚಬ್ಯಾಡ್ರಿ” ಅಂದೆ. “ಆ ಎಕ್ಸ್‌ರೇ ನಂದು.”

ಯಾರಿಗೂ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ಹೇಳುತ್ತಿದ್ದಂತೆ ಕೆಮ್ಮು ಬಂತು, ನಿಲ್ಲಲಿಲ್ಲ. ಸೆರಗಿನಲ್ಲಿ ಬಿದ್ದ ರಕ್ತವನ್ನು ಎಲ್ಲರೂ ಕಂಡರು. ಅತ್ತೆ ಸರೋಜಳ ತೋಳು ಬಿಟ್ಟು ನೆಲದ ಮೇಲೆ ಕೂತುಬಿಟ್ಟರು.

“ಐದು ದಿನ ನನ್ ಕಡಿಂದ ಈ ಕೆಲಸಾ ಮಾಡಿಸಿದೆಲ್ಲವ್ವಾ ನೀಲಮ್ಮಾ” ಎಂದರು.

ಅಷ್ಟೇ ಅಂದದ್ದು. ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ಮನೆಯವರು ನಮ್ಮಿಬ್ಬರನ್ನೂ ಬಳ್ಳಾರಿಗೆ ಕರೆದೊಯ್ದರು. ಡಾಕ್ಟರು ಪೂರ್ತಿ ಕೇಳಿ, ಕನ್ನಡಕ ತೆಗೆದರು. “ಈ ಹುಡುಗಿಗೆ ಬುದ್ಧಿ ಇಲ್ಲ ಅಂತಲೇ ಇಟ್ಟುಕೊಳ್ಳೋಣ. ನೀವು ದೊಡ್ಡವರಲ್ಲವೇ?” ಹೆರಿಗೆಯಾಗಿ ಹೊಸ ಎಕ್ಸ್‌ರೇ ಬರುವವರೆಗೆ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ ಎಂದರು. ಸರೋಜಳ ಪ್ರಯಾಣ ಅಲ್ಲಿಗೆ ನಿಂತಿತು. ನನ್ನ ಕಫದಲ್ಲಿ ರೋಗಾಣುಗಳು ಸಿಕ್ಕವು. ಇಷ್ಟು ತಿಂಗಳು ಬಸುರಿಯ ಜೊತೆ ಒಂದೇ ಕೋಣೆಯಲ್ಲಿ ಮಲಗಿದ್ದಿರಾ ಎಂದು ಡಾಕ್ಟರು ಕೇಳಿದಾಗ ಹೌದೆಂದು ತಲೆಯಾಡಿಸಿದೆ.

ಅದೇ ವಾರ ನನ್ನನ್ನು ಬಾದನಹಟ್ಟಿಗೆ, ತವರಿಗೆ ಬಿಟ್ಟರು. ಮೂರು ತಿಂಗಳು ದಿನಾ ಬೆಳಿಗ್ಗೆ ಬಸ್ಸು ಹತ್ತಿ ಕುರುಗೋಡಿಗೆ ಹೋಗಿ ಇಂಜೆಕ್ಷನ್ ಮಾಡಿಸಿಕೊಂಡು ಬರುತ್ತಿದ್ದೆ. ಚುಚ್ಚಿದಲ್ಲೆಲ್ಲ ಕೂರಲು ಆಗದಷ್ಟು ಗಂಟು ಕಟ್ಟಿದವು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಸೇರಿಕೊಂಡಿತು, ಇನ್ನೂ ಹೋಗಿಲ್ಲ. ಬಸುರಿಗೆ ಈ ಔಷಧಿ ಕೊಟ್ಟರೆ ಹೊಟ್ಟೆಯ ಕೂಸಿನ ಕಿವಿಗೇ ಪೆಟ್ಟಾಗಬಹುದು ಎಂದು ಅಲ್ಲಿಯ ನರ್ಸಮ್ಮ ಒಂದು ದಿನ ಸಹಜವಾಗಿ ಹೇಳಿದರು. ಅವತ್ತು ಊಟ ಸೇರಲಿಲ್ಲ. ಜೊತೆಗೆ ಟಿಬಿಗೇ ಕೊಡುವ ಪಿ.ಎ.ಎಸ್. ಮಾತ್ರೆಗಳು ಹಿಡಿಗಟ್ಟಲೆ, ನುಂಗಿದರೆ ವಾಂತಿ, ಮತ್ತೆ ನುಂಗುವುದು. ಅವ್ವ ಗಂಜಿ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು.

ಶ್ರಾವಣದಲ್ಲಿ ಸರೋಜ ಹೆಣ್ಣು ಹೆತ್ತಳು. ಅವಳ ಎಕ್ಸ್‌ರೇ ಚೊಕ್ಕಟವಾಗಿ ಬಂತು. ಕೂಸಿಗೆ ಟಿಬಿ ಬರದ ಹಾಗೆ ಬಿಸಿಜಿ ಹಾಕಿಸಿದರು, ಗುಂಡುಗುಂಡಾಗಿದೆ ಎಂದು ನಮ್ಮ ಮನೆಯವರು ಬಂದಾಗ ಹೇಳಿದರು. ತಿಂಗಳಿಗೊಮ್ಮೆ ಬರುತ್ತಿದ್ದರು. ಒಂದು ಸಲ, ಎದ್ದು ಹೊರಡುವಾಗ, ಚಪ್ಪಲಿ ಮೆಟ್ಟುತ್ತಾ ಅಂದರು: “ರಕ್ತಾ ಬಂದಾಗ ನನಗ ಹೇಳಾಕ ಏನಾಗಿತ್ತು? ನಾ ಅಷ್ಟು ಹೊರಗಿನವನೇನು?”

ಕಳೆದ ತಿಂಗಳು, ವೀಸಾ ಬಂದು ಕೆನಡಾಕ್ಕೆ ಹೊರಡುವ ವಾರದಲ್ಲಿ, ಸರೋಜ ಬಾದನಹಟ್ಟಿಗೆ ಬಂದಳು. ಕೂಸಿಗೆ ಒಂಬತ್ತು ತಿಂಗಳು. ನಾನು ಪಡಸಾಲೆಯ ಆಚೆ ಕೊನೆಗೆ ಸರಿದು ಕೂತೆ.

ಹೇಳಬೇಕೆಂದು ವರ್ಷವಿಡೀ ಕಟ್ಟಿಕೊಂಡಿದ್ದ ಮಾತುಗಳನ್ನೆಲ್ಲ ಬದಿಗಿಟ್ಟೆ. ಕೊನೆಗೆ ಇದ್ದದ್ದನ್ನೇ ಹೇಳಿದೆ. “ನಿನಗ ಛಲೋ ಆಗ್ಲಿ ಅಂತ ಅವತ್ತು ನಾ ಎಕ್ಸ್‌ರೇಕ ನಿಂತಿದ್ದಿಲ್ಲ ಸರೋಜಾ. ನೀ ಹೆರೂದಕ್ಕ ಮೊದ್ಲ ಮನಿ ಬಿಟ್ಟು ಹೋಗ್ಲಿ ಅಂತ ನಿಂತಿದ್ದೆ.”

“ಗೊತ್ತಿತ್ರಿ ಅಕ್ಕಾ” ಎಂದಳು.

ಕೂಸನ್ನು ಇನ್ನೊಂದು ತೊಡೆಗೆ ಹಾಕಿಕೊಂಡು ಮತ್ತೆ ಅಂದಳು: “ನಿಮ್ಮ ಕೆಮ್ಮು ಧೂಳಿಂದಲ್ಲ ಅಂತ ನನಗೂ ಅನುಮಾನಿತ್ರಿ. ನನಗೂ ಹೋಗೂ ಅವಸರ. ಅದಕ್ಕ ಚೀಟಿ ಕೊಟ್ಟೆ. ಆದ್ರ ಆ ಐದು ದಿನದ ಸಿಟ್ಟು ಐತಲ್ರಿ, ಅದು ಇನ್ನೂ ಹೋಗಿಲ್ಲ. ಸುಳ್ಳ್ ಯಾಕ ಹೇಳ್ಲಿ?”

“ಬ್ಯಾಡ, ಹೇಳಬ್ಯಾಡ” ಅಂದೆ.

“ಕಫ ನೆಗಟಿವ್ ಬಂದೈತಂತಲ್ರಿ? ಡಾಕ್ಟರನ್ನ ಕೇಳೇ ಬಂದೀನಿ, ಈಗ ಯಾರಿಗೂ ಹತ್ತಂಗಿಲ್ಲಂತ.” ಅವಳು ಎದ್ದು ಪಡಸಾಲೆ ದಾಟಿ ಬಂದಳು. “ಹಿಡೀರಿ. ಇದು ಅಲ್ಲಿ ಹೋದ್ರ ನಮ್ಮವರು ಅನ್ನೋರು ಯಾರೂ ಇರಂಗಿಲ್ಲ. ದೊಡ್ಡಮ್ಮನ್ನ ಒಂದಿನ ನೋಡಲಿ.”

ಕೂಸು ನನ್ನನ್ನು ನೋಡಿ ಅಳಲಿಲ್ಲ. ತುಸು ಹೊತ್ತು ನನ್ನ ಬಳೆ ಎಳೆಯಿತು, ಆಮೇಲೆ ಮಡಿಲಲ್ಲೇ ನಿದ್ದೆ ಹೋಯಿತು. ಸರೋಜ ಅವ್ವನ ಜೊತೆ ಒಳಗೆ ಊಟಕ್ಕೆ ಕೂತಳು. ನನ್ನ ಕಾಲು ಜೋಮು ಹಿಡಿಯಿತು, ಸರಿಸಲಿಲ್ಲ.

ಅವರು ತಲುಪಿದ ಸುದ್ದಿ ಮೊನ್ನೆ ಬಂತು. ನನಗೆ ಇನ್ನೂ ಐದು ತಿಂಗಳ ಮಾತ್ರೆ ಬಾಕಿ ಇದೆ. ತೂಕ ಏರುತ್ತಿದೆ. ಮಾತ್ರೆ ಮುಗಿಯುವವರೆಗೆ ಕಾಯಬೇಕಿಲ್ಲ, ಬರುವ ಸೋಮವಾರ ಕರೆದೊಯ್ಯುತ್ತೇನೆ ಎಂದು ನಮ್ಮ ಮನೆಯವರು ಹೇಳಿಕಳಿಸಿದ್ದಾರೆ. ಹೋಗುತ್ತೇನೆ. ಅತ್ತೆಯ ಮುಖ ಹೇಗೆ ನೋಡಲಿ ಎಂದು ಇನ್ನೂ ಗೊತ್ತಾಗಿಲ್ಲ. ಆದರೂ ಹೋಗುತ್ತೇನೆ.