ಕೆನ್ನೆ ಒಪ್ಪದ ಕೈಗವಸು

ಮುಳಬಾಗಿಲಿನ ವಿದ್ಯುತ್ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದಾಗ ಅಲ್ಲೊಬ್ಬರು ಲೈನ್‌ಮನ್ ಇದ್ದರು, ರಾಯಲ್ಪಾಡಿನ ಕಡೆಯವರು. ಕಂಬ ಹತ್ತುವ ಮೊದಲು ರಬ್ಬರ್ ಕೈಗವಸಿನ ಬಾಯನ್ನು ಬಿಗಿಯಾಗಿ ಸುತ್ತಿ, ಒಳಗಿನ ಗಾಳಿಗೆ ಉಬ್ಬಿದ ಒಂದೊಂದು ಬೆರಳನ್ನೂ ಕೆನ್ನೆಗೆ ತಾಗಿಸಿ ಕಣ್ಣು ಮುಚ್ಚುತ್ತಿದ್ದರು. ಅವಸರ ಮಾಡಿದರೆ, “ಕೆನ್ನೆ ಒಪ್ಪಲಿ ಇರಿ ಸ್ವಾಮಿ” ಅನ್ನುತ್ತಿದ್ದರು.

ಎರಡನೇ ಮಹಾಯುದ್ಧದ ಕಾಲ, ರಬ್ಬರ್ ಸಿಗುವುದೇ ಅಪರೂಪ. ಅಕ್ಕಿ ಗಿರಣಿಯ ಲೈನು ಕೆಟ್ಟಾಗ ಕೋಲಾರದಿಂದ ಇಂಜಿನಿಯರ್ ಸಾಹೇಬರೇ ಹೊಸ ಜೋಡಿ ತಂದರು. ಲೈನ್‌ಮನ್ ಅದನ್ನು ಕೆನ್ನೆಗೆ ಹಿಡಿದು, “ವದ್ದು ಸಾರ್, ಇದು ಬೇಡ” ಅಂದರು.

“ಹೊಸದು ಕಣಯ್ಯ, ಹತ್ತು” ಎಂದರು ಸಾಹೇಬರು. ಗಿರಣಿಯವರು ತಮ್ಮ ದಪ್ಪ ಚರ್ಮದ ಕೈಗವಸು ಚಾಚಿದರು. “ಅದು ಮುಳ್ಳು ತಡೀತದೆ, ಕರೆಂಟು ತಡೆಯಲ್ಲ” ಎಂದರು ಲೈನ್‌ಮನ್. “ಹತ್ತಪ್ಪ, ಹೊತ್ತಾಯ್ತು” ಎಂದವನು ನಾನೇ.

ಲೈನ್‌ಮನ್ ಉಬ್ಬಿದ ಹೊಸ ಕೈಗವಸನ್ನು ಬಕೆಟ್ಟಿನ ನೀರಲ್ಲಿ ಅದುಮಿದರು. ಕಿರುಬೆರಳ ತುದಿಯಿಂದ ಸಾಸಿವೆಯಷ್ಟು ಗುಳ್ಳೆಯೊಂದು ಮೇಲೆ ಬಂತು. ಹಿಂದೆಯೇ ಇನ್ನೊಂದು. ಕೆನ್ನೆಗೆ ತಾಗಿದ್ದು ಆ ತೂತಿನ ಗಾಳಿ.

ಆಮೇಲೆ ಚಾಕು ತೆಗೆದು, ಸಾಹೇಬರ ಮುಂದೆಯೇ, ಆ ಸರ್ಕಾರಿ ಕೈಗವಸನ್ನು ಸೀಳಿಹಾಕಿದರು.

“ಹಿಂಗೇ ಬಿಟ್ರೆ ನಾಳೆ ಇನ್ಯಾರೋ ಹಾಕ್ಕೊಂಡು ಹತ್ತಿಬಿಡ್ತಾರೆ ಸಾರ್.”