ಇಂದ್ರಮ್ಮನ ಕಣ್ಣು

ಇಂದ್ರಮ್ಮನ ಕಣ್ಣು ಹೋಗಿದೆ ಎಂದು ಊರೆಲ್ಲ ಆಡಿಕೊಂಡದ್ದು ಎಂಬತ್ತಾರನೇ ಇಸವಿಯ ಮದುವೆ ಕಾಲದಲ್ಲಿ. ಊರೆಲ್ಲ ಎಂದರೆ ರಾಜಾಜಿನಗರದಿಂದ ಕಾಮಾಕ್ಷಿಪಾಳ್ಯದವರೆಗಿನ ಫೋಟೋ ಸ್ಟುಡಿಯೋದವರು. ನಮಗೆ ಊರು ಅಂದರೆ ಅಷ್ಟೇ. ಆ ಮಾತು ಹುಟ್ಟಲು ಕಾರಣ ಜಗನ್ನಾಥ, ಅಂದರೆ ನಾನು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಲ್ಲಿ ಕೇಳಿ ನನ್ನನ್ನು ಬೈಯುವುದು ಬೇಡ.

ಇಂದ್ರಮ್ಮ ಕಾಮಾಕ್ಷಿಪಾಳ್ಯದವರು. ಹದಿನೈದು ವರ್ಷ ಕಪ್ಪುಬಿಳುಪು ಫೋಟೋಗಳಿಗೆ ಕೈಯಲ್ಲಿ ಬಣ್ಣ ಹಚ್ಚಿದವರು. ಕೆನ್ನೆಗೆ ಹತ್ತಿಯಲ್ಲಿ ಒಂದಿಷ್ಟು ಕೆಂಪು ಒರೆಸಿ, ಸೀರೆ ಅಂಚಿಗೆ ಸಣ್ಣ ಕುಂಚ ಎಳೆದರೆ ಸತ್ತವರೂ ಎದ್ದು ಕೂತಂತೆ ಕಾಣುತ್ತಿದ್ದರು. ಅವರ ಬೀದಿಯ ಹೆಂಗಸರು ಬ್ಲೌಸ್ ಪೀಸು ತರಲು ಅವರನ್ನೇ ಕಳಿಸುತ್ತಿದ್ದರು. ಸೀರೆಯನ್ನು ಮನೆಯಲ್ಲಿ ಒಂದು ಸಲ ನೋಡಿಕೊಂಡು ಬರಿಗೈಯಲ್ಲಿ ಅಂಗಡಿಗೆ ಹೋಗಿ, ಅದೇ ಬಣ್ಣದ ಬಟ್ಟೆ ತರುತ್ತಿದ್ದರು. ಕಲರ್ ಫಿಲ್ಮು ಬಂದು ಆ ಕೈಕೆಲಸ ನಿಂತುಹೋದಾಗ ನಮ್ಮ ಯಜಮಾನರಾದ ಪುರುಷೋತ್ತಮ, ಇಂದ್ರಮ್ಮನನ್ನು ರಾಜಾಜಿನಗರದ ತಮ್ಮ ಕಲರ್ ಲ್ಯಾಬಿಗೆ ಕರೆತಂದರು. ಗಂಡ ಇಲ್ಲ, ಮಗಳು ಟೀಚರಾಗಲು ಟಿ.ಸಿ.ಎಚ್. ಓದುತ್ತಿದ್ದಳು. ಅವರ ಮನೆ ನಡೆಯುತ್ತಿದ್ದದ್ದು ಆ ಎರಡು ಕಣ್ಣಿನ ಮೇಲೆ.

ಆ ವರ್ಷ ಯಜಮಾನರು ಹೊಸ ಯಂತ್ರ ತರಿಸಿದರು. ನೆಗೆಟಿವ್ ಇಟ್ಟರೆ ಸಣ್ಣ ಟೀವಿಯಂಥ ತೆರೆಯ ಮೇಲೆ ಫೋಟೋ ಮೂಡುತ್ತದೆ. ಕೆಂಪು, ಹಸಿರು, ನೀಲಿ ಎಂದು ಮೂರು ತಿರುಗುಣಿ. ಮುಖ ಸರಿ ಕಾಣುವವರೆಗೂ ಇಂದ್ರಮ್ಮ ತಿರುಗಿಸಬೇಕು, ತಿರುಗುಣಿ ನಿಂತಲ್ಲಿನ ಅಂಕಿಗಳನ್ನು ಚೀಟಿಯಲ್ಲಿ ಬರೆದು ನನಗೆ ಕೊಡಬೇಕು. ಆ ಅಂಕಿಯಂತೆ ನಾನು ಕತ್ತಲೆ ಕೋಣೆಯಲ್ಲಿ ಪ್ರಿಂಟು ಹಾಕಬೇಕು. ತೆರೆಯಲ್ಲಿ ಕಂಡ ಬಣ್ಣವೇ ಕಾಗದದ ಮೇಲೆ ಬರುತ್ತದೆ ಎಂದು ಕಂಪನಿಯ ಇಂಜಿನಿಯರ್ ಮಾಡಿ ತೋರಿಸಿದ. ಬಂತು ಕೂಡ. ಯಂತ್ರ ಇರುವ ಕೋಣೆಗೆ ಕಪ್ಪು ಪರದೆ ಹಾಕಿ, ಬೇರೆ ಬೆಳಕು ಬಿಡಬೇಡಿ ಎಂದು ಹೇಳಿ ಹೊರಟುಹೋದ.

ಹೊಸ ಯಂತ್ರ ಬಂದ ಮೇಲೆ ಪೂಜೆ ಬೇಡವೇ? ಶುಕ್ರವಾರ ಕುಂಬಳಕಾಯಿ ಒಡೆದೆವು. ಯಜಮಾನರ ತಾಯಿ ಪಟಾಲಮ್ಮನವರು ಲಕ್ಷ್ಮಿಯ ಪಟ ತಂದಿದ್ದರು. ಪಟದ ಮುಂದೆ ಕೆಂಪು ಜೀರೋ ಕ್ಯಾಂಡಲ್ ಬಲ್ಬು ಹಗಲೂ ರಾತ್ರಿ ಉರಿಯಬೇಕು ಎಂದರು. ಮೊಳೆ ಹೊಡೆದವನು ನಾನೇ. ತೆರೆಯ ಎದುರಿನ ಗೋಡೆಯಲ್ಲಿ, ಇಂದ್ರಮ್ಮ ಕೂತರೆ ಎಡಗೈಗೆ ಎಟುಕುವಷ್ಟು ಹತ್ತಿರ. ಅಂದ ಮಾಡಿದೆ ಎಂದು ನನಗೆ ಹೆಮ್ಮೆ ಬೇರೆ. ಇಂಜಿನಿಯರ್ ಬೆಳಕು ಬಿಡಬೇಡಿ ಅಂದದ್ದು ನಮಗೆಲ್ಲ ನೆನಪಿತ್ತು. ಆದರೆ ದೇವರ ದೀಪವನ್ನು ಬೆಳಕು ಎಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮಾರನೇ ದಿನದಿಂದ ಮದುಮಕ್ಕಳೆಲ್ಲ ಪಾಚಿ ಹಿಡಿದ ಹಾಗೆ ಬರತೊಡಗಿದರು. ತೆರೆಯಲ್ಲಿ ಅರಿಶಿನ ಹಚ್ಚಿದ ಮುಖ, ಕಾಗದದ ಮೇಲೆ ಜ್ವರ ಬಂದು ಮಲಗಿದವರ ಮುಖ. ಮೂರನೇ ವಾರ ಕಾಮಾಕ್ಷಿಪಾಳ್ಯದ ಸ್ಟುಡಿಯೋ ಮರಿಯಪ್ಪ ಒಂದು ಆಲ್ಬಮ್ಮಿನ ಫೋಟೋಗಳನ್ನೆಲ್ಲ ಕೌಂಟರಿನ ಮೇಲೆ ಸುರಿದರು.

"ಏನ್ ಸಾರ್ ಇದು? ಹುಡ್ಗಿ ಕಡೆಯೋರು ನನ್ನನ್ನ ಹೊಡೆಯೋದೊಂದು ಬಾಕಿ. ಆಯಮ್ಮಂಗೆ ಕಣ್ ಕಾಣ್ಸುತ್ತೋ ಇಲ್ವೋ?"

ಯಜಮಾನರು ಫೋನು ಮಾಡಿದರು. ಯಂತ್ರ ಸರಿ ಇದೆ, ಕೂತವರನ್ನು ನೋಡಿ ಎಂದು ಕಂಪನಿಯವರು ಹೇಳಿದರು. ಅಲ್ಲಿಗೆ ತೀರ್ಮಾನ ಆಯಿತು. ಇಂದ್ರಮ್ಮ ಪರದೆಯ ಒಳಗಿಂದಲೇ, "ತೆರೆ ನೋಡಿದ್ರೆ ಸರಿಯಾಗೇ ಇದೆ ಸಾರ್. ಇಲ್ಲೇನೋ ಬೇರೆ ತೊಂದ್ರೆ ಇದೆ" ಎಂದರು.

"ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ," ಎಂದರು ಯಜಮಾನರು. "ಶನಿವಾರದವರೆಗೂ ನೋಡ್ತೀನಿ. ಸೋಮವಾರದಿಂದ ಚಿಕ್ಕಪೇಟೆಯಿಂದ ಬೇರೆಯವ್ರು ಬರ್ತಾರೆ. ನೀವು ಬೇಕಾದ್ರೆ ಕಟಿಂಗ್ ಮಾಡ್ಕೊಂಡಿರಿ."

ಕಟಿಂಗ್ ಎಂದರೆ ಫೋಟೋದ ಅಂಚು ಕತ್ತರಿಸುವುದು, ಅರ್ಧ ಸಂಬಳ. ಇಂದ್ರಮ್ಮನಿಗೆ ಸಂಬಳಕ್ಕಿಂತ ಕಣ್ಣು ಹೋಗಿದೆ ಎಂಬ ಮಾತೇ ಚುಚ್ಚಿತ್ತು. ಬೀದಿಯ ಹೆಂಗಸರಿಗೂ ಸುದ್ದಿ ಮುಟ್ಟಿತ್ತು. ಎದುರು ಮನೆಯವಳು ಬ್ಲೌಸ್ ಪೀಸಿಗೆ ಈ ಸಲ ಸೀರೆಯನ್ನೇ ಹಿಡಿದುಕೊಂಡು ತಾನೇ ಹೋದಳಂತೆ. ಅದನ್ನು ನನಗೆ ಹೇಳುವಾಗ ಇಂದ್ರಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ಬುಧವಾರ ಮಧ್ಯಾಹ್ನದ ಮೇಲೆ ಹಾಕಿದ ಪ್ರಿಂಟುಗಳು ಚಿನ್ನದ ಹಾಗೆ ಬಂದವು. ಗುರುವಾರ ಬೆಳಿಗ್ಗೆ ಮತ್ತೆ ಪಾಚಿ. ಇಂದ್ರಮ್ಮ ಎರಡು ದಿನದ ಫೋಟೋಗಳನ್ನು ಚೀಟಿಯ ಜೊತೆ ನೆಲದ ಮೇಲೆ ಸಾಲಾಗಿ ಹರಡಿಕೊಂಡು ಕೂತರು.

"ಜಗನ್ನಾಥ, ನಿನ್ನೆ ಊಟ ಆದ್ಮೇಲೆ ಇಲ್ಲಿ ಏನಿರ್ಲಿಲ್ಲ?"

"ಏನಿರ್ಲಿಲ್ಲ ಅಕ್ಕಾ, ಎಲ್ಲಾ ಇತ್ತು. ದೇವ್ರ ಬಲ್ಬು ಹೋಗಿತ್ತು ಅಷ್ಟೇ. ಬೆಳಿಗ್ಗೆ ಬಂದೋನೆ ನಾನೇ ಹೊಸದು ಹಾಕ್ದೆ."

ಇಂದ್ರಮ್ಮ ಎದ್ದು ಹೋಗಿ ಕುರ್ಚಿಯಲ್ಲಿ ಕೂತು, ಒಂದು ಮದುವೆ ಹೆಣ್ಣಿನ ನೆಗೆಟಿವ್ ಇಟ್ಟು, ಮುಖ ಸರಿ ಕಾಣುವವರೆಗೂ ತಿರುಗಿಸಿ, ಎಡಗೈಯಿಂದ ಆ ಬಲ್ಬನ್ನು ಮುಚ್ಚಿದರು. ಸರಿಯಾಗಿದ್ದ ಹುಡುಗಿಯ ಮುಖ ಹಸಿರಾಯಿತು. ಕೈ ತೆಗೆದರು, ಕೆಂಪೇರಿತು. ಬಲ್ಬಿನ ಕೆಂಪು ಬೆಳಕು ತೆರೆಯ ಗಾಜಿನ ಮೇಲೆ ಬೀಳುತ್ತಿತ್ತು. ಕೆಂಪು ಜಾಸ್ತಿ ಎಂದು ಇಂದ್ರಮ್ಮ ತಿರುಗುಣಿ ಇಳಿಸುತ್ತಿದ್ದರು. ಕಾಗದಕ್ಕೆ ಕೆಂಪೇ ಸಿಗುತ್ತಿರಲಿಲ್ಲ. ಮೂರು ವಾರ ಈ ಹೆಂಗಸು ಬೈಸಿಕೊಂಡದ್ದು ನಾನು ಹೊಡೆದ ಮೊಳೆಗೆ.

ಆಗಲೇ ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಪಟಾಲಮ್ಮನವರು ಇಡಿಸಿದ ದೀಪ ಆರಿಸಿ ಅನ್ನುವ ಬಾಯಿ ನನಗೆಲ್ಲಿತ್ತು? ಆ ಮುದುಕಿ ಎಂದರೆ ಯಜಮಾನರೇ ನಡುಗುತ್ತಿದ್ದರು. ಶುಕ್ರವಾರವೂ ಸುಮ್ಮನಿದ್ದೆ. ಥೂ ನನ್ನ ಜನ್ಮಕ್ಕೆ ಎಂದು ಈಗಲೂ ಅನ್ನಿಸುತ್ತದೆ.

ಶನಿವಾರ ಪಟಾಲಮ್ಮನವರು ಪ್ರತಿ ವಾರದಂತೆ ಪಟಕ್ಕೆ ಹೂವು ತಂದರು. ಅದಕ್ಕೇ ಕಾದಿದ್ದ ಇಂದ್ರಮ್ಮ ಅವರ ಎದುರಿಗೇ ಯಜಮಾನರಿಗೆ ಹೇಳಿದರು, "ಸಾರ್, ಈ ಬಲ್ಬಿಂದಲೇ ಬಣ್ಣ ಕೆಡ್ತಾ ಇರೋದು."

"ನಿಮ್ ತಪ್ಪನ್ನ ದೇವ್ರ ಮೇಲೆ ಹಾಕ್ತೀರಾ?" ಯಜಮಾನರ ಮುಖ ಕೆಂಡವಾಯಿತು.

ಇನ್ನು ತಡೆಯಲಾಗಲಿಲ್ಲ. "ಇಲ್ಲ ಸಾರ್, ನಿಜ. ಹಾಕಿದ್ದು ನಾನು. ಗುರುವಾರದಿಂದ ನಂಗೂ ಗೊತ್ತಿತ್ತು," ಎಂದೆ. ಯಜಮಾನರು ತಾಯಿಯ ಮುಖ ನೋಡಿದರು. ಪಟಾಲಮ್ಮನವರು ಹೂವಿನ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು, "ಎಲ್ಲಿ, ತೋರ್ಸಮ್ಮ" ಎಂದು ಬಗ್ಗಿದರು. ಇಂದ್ರಮ್ಮ ಬಲ್ಬು ಮುಚ್ಚಿ ತೆಗೆದರು. ಮುದುಕಿ ತಾವೂ ಒಂದು ಸಲ ಮುಚ್ಚಿ ನೋಡಿದರು. ಆಮೇಲೆ ಸ್ವಿಚ್ಚನ್ನು ತಾವೇ ಆರಿಸಿದರು.

"ಅಮ್ಮಾ, ದೀಪ," ಎಂದರು ಯಜಮಾನರು.

"ಇವಳು ಮನೆಗೆ ಹೋದ್ಮೇಲೆ ಹಚ್ಚೋ. ಲಕ್ಷ್ಮಿಗೇನು ಕತ್ಲೆ ಭಯವೇ?"

ಇಂದ್ರಮ್ಮ ಹೊಸದಾಗಿ ಅಂಕಿ ಬರೆದುಕೊಟ್ಟರು. ನಾನು ಪ್ರಿಂಟು ಹಾಕಿ ತಂದೆ. ತೆರೆಯ ಪಕ್ಕದಲ್ಲಿ ಹಿಡಿದರೆ ಎರಡೂ ಮುಖ ಒಂದೇ.

ಆ ಹೊತ್ತಿಗೆ ಮರಿಯಪ್ಪ ಕೌಂಟರಿಗೆ ಬಂದಿದ್ದರು. ಯಜಮಾನರು ಹೊಸ ಪ್ರಿಂಟನ್ನು ಅವರಿಗೆ ತೋರಿಸಿ, "ಮೆಷಿನ್ ರಿಪೇರಿ ಮಾಡಿಸ್ದ್ವಿ ಸಾರ್, ಇನ್ನೇನೂ ತೊಂದ್ರೆ ಇಲ್ಲ" ಎಂದರು.

ಪರದೆ ಸರಿಯಿತು. ಇಂದ್ರಮ್ಮ ಎಂದೂ ಕೌಂಟರಿಗೆ ಬಂದವರಲ್ಲ. ಅಂದು ಬಂದು ನಿಂತರು.

"ಮೆಷಿನ್ ಕೆಟ್ಟಿರ್ಲಿಲ್ಲ ಸಾರ್. ನನ್ ಕಣ್ಣೂ ಕೆಟ್ಟಿರ್ಲಿಲ್ಲ. ಅದನ್ನ ಹೇಳಿ."

"ಆಯ್ತಲ್ಲ ಇಂದ್ರಮ್ಮ, ಎಲ್ಲಾ ಸರಿಹೋಯ್ತು. ಹೋಗಿ ಕೂತ್ಕೊಳ್ಳಿ."

"ನೀವು ಹೇಳೋವರ್ಗೂ ಕೂರಲ್ಲ."

ಧ್ವನಿ ಏರಿಸಲಿಲ್ಲ, ಅಳಲೂ ಇಲ್ಲ. ಒಳಗೆ ನಲವತ್ತು ರೋಲು ಬಾಕಿ ಬಿದ್ದಿದ್ದವು. ಯಜಮಾನರು ನನ್ನ ಕಡೆ ನೋಡಿದರು, ತಾಯಿಯ ಕಡೆ ನೋಡಿದರು. ಪಟಾಲಮ್ಮನವರು ಬೀದಿ ನೋಡುತ್ತಿದ್ದರು. ಕೊನೆಗೆ ಯಜಮಾನರು ತಲೆ ತಗ್ಗಿಸಿ, ಬಿಲ್ ಪುಸ್ತಕಕ್ಕೆ ಹೇಳುವಂತೆ, "ಇಂದ್ರಮ್ಮನ ಕಣ್ಣು ಸರಿಯಾಗೇ ಇತ್ತು. ತಪ್ಪು ನಮ್ದು" ಎಂದು ಗೊಣಗಿದರು.

ಇಂದ್ರಮ್ಮ ಕದಲಲಿಲ್ಲ. "ಮರಿಯಪ್ಪನೋರಿಗೆ ಕೇಳಿಸ್ಲಿಲ್ಲ," ಎಂದರು.

ಯಜಮಾನರು ತಲೆಯೆತ್ತಿ, ಮರಿಯಪ್ಪನ ಮುಖ ನೋಡಿ ಇನ್ನೊಂದು ಸಲ ಹೇಳಿದರು.